ವಿಡಿಯೋ ಮೂಲಕ ನ್ಯಾಯಾಲಯಕ್ಕೆ ಹಾಜರಾಗುವ ಕ್ರಮ

(ಕೃಷಿ ಇನ್‌ಸ್ಪೆಕ್ಟರರು, ಎಲ್. ಏಜಿ., ಖಾನಾಪುರ)

ಬೀಜ, ಗೊಬ್ಬರ, ಕೀಟಬಾಧೆಗಳ ವಿಚಾರವನ್ನು ತಿಳಿಸತಕ್ಕ ಈ ಮಾಸಪತ್ರಿಕೆಯಲ್ಲಿ ಕೋರ್ಟಿನ ವಿಷಯವೇಕೆ ಬಂದಿತೆಂದು ವಾಚಕರಿಗೆ ಸಂದೇಹವುಂಟಾಗಬಹುದು. ಖಾನಾಪುರ ತಾಲೂಕಿನ ಭತ್ತದ ಗದ್ದೆಗಳನ್ನು ಬಲ್ಲವರಿಗೆ ಇದರ ಉತ್ತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಸಿ ಕಿತ್ತು, ಆಳುಗಳು ಸೇರಿ, ಗದ್ದೆಯಲ್ಲಿ ನೀರು ನಿಂತಿರುವ ದಿವಸವೇ ಮುದ್ದತ್ತು ಬಂದು, ಜಮೀನುದಾರನು ಮುಂಜಾನೆಯ ಬಸ್ಸು ಹಿಡಿದು ಬೆಳಗಾವಿಗೆ ಹೋದರೆ, ಆ ದಿವಸದ ನಷ್ಟವು ಬಸ್ಸಿನ ಚಾರ್ಜಿನಷ್ಟಕ್ಕೇ ನಿಲ್ಲುವುದಿಲ್ಲ. ನಾಟಿ ಒಂದು ವಾರ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ನಾಟಿಯ ಫಲವು ಸುಗ್ಗಿಯಲ್ಲಿ ಕಂಡುಬರುತ್ತದೆ. ಹೋಗದೆ ಉಳಿದರೆ ಖಟ್ಲೆಯೇ ಕೈಬಿಟ್ಟುಹೋಗುವ ಭಯ. ಈ ಎರಡು ಕಷ್ಟಗಳ ನಡುವೆ ಈಗ ಒಂದು ಮೂರನೆಯ ದಾರಿ ಉಂಟು. ಅದು ವಿಡಿಯೋ ಮೂಲಕ ಹಾಜರಾಗುವುದು. ಈ ದಾರಿಯನ್ನು ನ್ಯಾಯವಾಗಿ ಉಪಯೋಗಿಸುವ ಬಗೆಯನ್ನೂ, ಇದೇ ದಾರಿಯ ಹೆಸರು ಹೇಳಿ ಮನೆಯೊಳಗೆ ನುಗ್ಗುವ ಮೋಸಗಾರರನ್ನು ಗುರುತಿಸುವ ಬಗೆಯನ್ನೂ ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶವು.

ನಮ್ಮ ಸೀಮೆಯವರಿಗೆ ನ್ಯಾಯಾಲಯವು ಯಾವಾಗಲೂ ದೂರದ ಊರೇ ಆಗಿತ್ತು. 1956ನೇ ಇಸವಿಯ ತನಕ ಬೆಳಗಾವಿ ಜಿಲ್ಲೆಯ ಮೇಲಣ ಅಪೀಲುಗಳು ಮುಂಬಯಿಯ ಹೈಕೋರ್ಟಿಗೆ ಹೋಗುತ್ತಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದ ಬಳಿಕ ಬೆಂಗಳೂರಿಗೆ, ಅಂದರೆ ಸುಮಾರು 500 ಕಿಲೋಮೀಟರು ದೂರಕ್ಕೆ, ಹೋಗಬೇಕಾಯಿತು. 2008ನೇ ಜುಲೈ ತಿಂಗಳಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠವು ಆರಂಭವಾಗಿ, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ದೂರವು ಬಹಳ ಮಟ್ಟಿಗೆ ಕಡಿಮೆಯಾಯಿತು. ಆದರೂ ಕಣಕುಂಬಿ, ಜಾಂಬೋಟಿಗಳ ಕಡೆಯವನಿಗೆ ಮಳೆಗಾಲದಲ್ಲಿ ಖಾನಾಪುರವೇ ದೂರ. ಅಲ್ಲಿಂದ ಜಿಲ್ಲಾ ನ್ಯಾಯಾಲಯವಿರುವ ಬೆಳಗಾವಿಗೆ ಮತ್ತೆ 26 ಕಿಲೋಮೀಟರು. ಬೆಳಗಾವಿಯಿಂದ ಧಾರವಾಡಕ್ಕೆ ಇನ್ನೂ 75 ಕಿಲೋಮೀಟರು. ಇಷ್ಟು ದಾರಿ ನಡೆದು ಹೋದವನಿಗೆ ಹಲವು ಸಲ ದೊರೆಯುವುದು ಇನ್ನೊಂದು ತಾರೀಖು ಮಾತ್ರ.

ವಿಡಿಯೋ ಮೂಲಕ ವಿಚಾರಣೆ ನಡೆಸುವುದು ಕೋವಿಡ್ ರೋಗದ ಕಾಲದಲ್ಲಿ ಹುಟ್ಟಿದ್ದೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಅದು ಸರಿಯಲ್ಲ. 2003ನೇ ಇಸವಿಯಲ್ಲಿ ಸುಪ್ರೀಂ ಕೋರ್ಟು, ಮಹಾರಾಷ್ಟ್ರ ಸರಕಾರ ಮತ್ತು ಡಾಕ್ಟರ್ ಪ್ರಫುಲ್ ದೇಸಾಯಿಯವರ ಪ್ರಕರಣದಲ್ಲಿ, ಅಮೆರಿಕದಲ್ಲಿದ್ದ ವೈದ್ಯರೊಬ್ಬರ ಸಾಕ್ಷಿಯನ್ನು ವಿಡಿಯೋ ಮೂಲಕ ತೆಗೆದುಕೊಳ್ಳಬಹುದೆಂದು ತೀರ್ಮಾನಿಸಿತು. ಅದೇ ವರ್ಷ ನಮ್ಮ ಕರ್ನಾಟಕ ಹೈಕೋರ್ಟು ಚಲನಚಿತ್ರ ಕಂಪನಿಗಳ ನಡುವಿನ ಒಂದು ಸಿವಿಲ್ ವ್ಯಾಜ್ಯದಲ್ಲಿ, ಅಮೆರಿಕದ ಸಾಕ್ಷಿಗಳನ್ನು ಇದೇ ರೀತಿ ವಿಚಾರಿಸಲು ಅನುಮತಿಯನ್ನಿತ್ತು, ಆಗ ಪಾಲಿಸತಕ್ಕ ಎಚ್ಚರಿಕೆಗಳನ್ನು ಬರೆದಿಟ್ಟಿತು. ಆದರೆ ಈ ಸೌಕರ್ಯವು ಸಾಮಾನ್ಯ ಕಕ್ಷಿದಾರನ ಬಾಗಿಲಿಗೆ ಬಂದದ್ದು 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟು ಹೊರಡಿಸಿದ ಆಜ್ಞೆಯ ತರುವಾಯ. ಕರ್ನಾಟಕ ಹೈಕೋರ್ಟು ಅದೇ ವರ್ಷ ತನ್ನ ವಿಡಿಯೋ ಕಾನ್ಫರೆನ್ಸ್ ನಿಯಮಗಳನ್ನು ರಚಿಸಿತು. ಮುಂದೆ 2023ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟು, ಯಾವ ಹೈಕೋರ್ಟೂ ವಕೀಲರಿಗಾಗಲಿ ಕಕ್ಷಿದಾರರಿಗಾಗಲಿ ವಿಡಿಯೋ ಸೌಕರ್ಯವನ್ನು ನಿರಾಕರಿಸಕೂಡದೆಂದು ಅಪ್ಪಣೆ ಮಾಡಿತು.

ಇಲ್ಲಿ ವಾಚಕರು ಒಂದು ಅಂಶವನ್ನು ಚೆನ್ನಾಗಿ ಗಮನಿಸಬೇಕು. ಧಾರವಾಡದ ಹೈಕೋರ್ಟಿನಲ್ಲಿ ವಕೀಲರು ವಾದ ಮಾಡುವುದು ಬೇರೆ. ಖಾನಾಪುರದ ಅಥವಾ ಬೆಳಗಾವಿಯ ವಿಚಾರಣಾ ನ್ಯಾಯಾಲಯದಲ್ಲಿ ನೀವು ಸ್ವತಃ ಸಾಕ್ಷಿ ಹೇಳುವುದು ಬೇರೆ. ಮೊದಲನೆಯದರಲ್ಲಿ ನಿಮ್ಮ ಹಾಜರಿಯೇ ಪ್ರಾಯಶಃ ಬೇಕಾಗುವುದಿಲ್ಲ. ವಕೀಲರು ಬೆಳಗಾವಿಯ ತಮ್ಮ ಆಫೀಸಿನಲ್ಲಿಯೇ ಕುಳಿತು ವಾದಿಸಬಹುದು, ಅವರು ಧಾರವಾಡಕ್ಕೆ ಹೋಗಿಬರುವ ಖರ್ಚು ನಿಮಗೆ ಉಳಿಯಬಹುದು. ಈ ಮಾತನ್ನು ಫೀ ಗೊತ್ತುಮಾಡುವಾಗಲೇ ವಕೀಲರ ಸಂಗಡ ಆಡಿಕೊಳ್ಳುವುದರಲ್ಲಿ ಸಂಕೋಚವೇನೂ ಬೇಡ. ಎರಡನೆಯದಕ್ಕೆ ಮಾತ್ರ ನ್ಯಾಯಾಧೀಶರ ಅನುಮತಿ ಅವಶ್ಯವು. ಮುದ್ದತ್ತಿನ ದಿವಸ ಮನೆಯಲ್ಲಿ ಕುಳಿತು, ವಕೀಲರಿಗೆ ಫೋನು ಮಾಡಿ, "ನಾನು ಫೋನಿನಲ್ಲಿ ಇದ್ದೇನೆಂದು ಸಾಹೇಬರಿಗೆ ಹೇಳಿರಿ" ಎಂದರೆ ಅದು ಹಾಜರಿಯಾಗಲಾರದು. ಸಾಕ್ಷಿದಾರನ ಮುಖವನ್ನು ನೋಡಿ, ಅವನು ಹೇಗೆ ಉತ್ತರಿಸುತ್ತಾನೆಂಬುದನ್ನು ತೂಗಿನೋಡಬೇಕಾದುದು ನ್ಯಾಯಾಧೀಶರ ಕರ್ತವ್ಯವಾಗಿರುವುದರಿಂದ ಬರಿಯ ಧ್ವನಿಯು ಸಾಲದು.

ಅನುಮತಿಯನ್ನು ಕೇಳುವ ಕ್ರಮವು ಹೀಗಿದೆ. ಕಕ್ಷಿದಾರನಾಗಲಿ ಸಾಕ್ಷಿದಾರನಾಗಲಿ ಗೊತ್ತಾದ ನಮೂನೆಯಲ್ಲಿ ಅರ್ಜಿಯನ್ನು ಕೊಡಬೇಕು. ತುರ್ತಿನ ಸಂದರ್ಭವನ್ನು ಬಿಟ್ಟು, ಅದಕ್ಕೆ ಮೊದಲೇ ಎದುರು ಪಕ್ಷದವರಿಗೂ ಈ ವಿಷಯವನ್ನು ತಿಳಿಸಿ ಮಾತಾಡಿರಬೇಕು. ಅರ್ಜಿಯು ಖಟ್ಲೆಯನ್ನು ಎಳೆಯುವುದಕ್ಕಾಗಿ ಕೊಟ್ಟದ್ದಲ್ಲವೆಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ದಿವಸವನ್ನೂ ಸಮಯವನ್ನೂ ನಿಶ್ಚಯಿಸುತ್ತಾರೆ. ಕಾರಣವನ್ನು ಸ್ಪಷ್ಟವಾಗಿ ಬರೆಯಿಸಿರಿ: ವೃದ್ಧಾಪ್ಯ, ರೋಗ, ಹಳ್ಳ ತುಂಬಿ ದಾರಿ ಕಟ್ಟುವುದು, ಸಾಕ್ಷಿದಾರನು ಪರಸ್ಥಳದಲ್ಲಿರುವುದು ಇತ್ಯಾದಿ. ಮರಾಠಿಯಲ್ಲಿ ಮಾತ್ರ ಸರಾಗವಾಗಿ ಮಾತನಾಡಬಲ್ಲ ಸಾಕ್ಷಿದಾರರು ನಮ್ಮ ತಾಲೂಕಿನಲ್ಲಿ ಬಹಳ ಜನರಿರುವುದರಿಂದ, ದುಭಾಷಿಯು ಬೇಕಾಗಿದ್ದರೆ ಅದನ್ನೂ ಅರ್ಜಿಯಲ್ಲಿಯೇ ಕಾಣಿಸುವುದು ಲೇಸು. ತೋರಿಸತಕ್ಕ ಉತಾರ, ನಕಾಶೆ, ಖರೀದಿಪತ್ರಗಳನ್ನು ಮುಂಚಿತವಾಗಿಯೇ ಹಾಜರುಪಡಿಸಿರಬೇಕು. ಫೋನಿನ ಮುಂದೆ ಕಾಗದವನ್ನು ಹಿಡಿದು ತೋರಿಸಿದರೆ ಸರ್ವೆ ನಂಬರು ಯಾರಿಗೂ ಕಾಣುವುದಿಲ್ಲ.

ಸಾಕ್ಷಿ ಹೇಳುವವನು ಕುಳಿತುಕೊಳ್ಳುವ ಸ್ಥಳದ ವಿಷಯದಲ್ಲಿ ನಿಯಮಗಳು ಬಿಗಿಯಾಗಿವೆ. ಆ ಸ್ಥಳದಲ್ಲಿ ಒಬ್ಬ ಸಮನ್ವಯಾಧಿಕಾರಿಯು ಇರಬೇಕು. ಸ್ಥಳವು ಇನ್ನೊಂದು ನ್ಯಾಯಾಲಯವಾದರೆ ಅಲ್ಲಿಯ ಅಧಿಕಾರಿಯು, ಕಾರಾಗೃಹವಾದರೆ ಅದರ ಸೂಪರಿಂಟೆಂಡೆಂಟರು, ಆಸ್ಪತ್ರೆಯಾದರೆ ವೈದ್ಯಾಧಿಕಾರಿಯು, ಪರದೇಶವಾದರೆ ಭಾರತದ ರಾಯಭಾರ ಕಚೇರಿಯ ಅಧಿಕಾರಿಯು ಆ ಕೆಲಸವನ್ನು ಮಾಡುತ್ತಾರೆ; ಬೇರೆ ಸ್ಥಳವಾದರೆ ನ್ಯಾಯಾಲಯವು ತಕ್ಕವರನ್ನು ನೇಮಿಸುತ್ತದೆ. ಸಾಕ್ಷಿದಾರನು ಸರಕಾರದ ಗುರುತಿನ ಪತ್ರವನ್ನು ತೋರಿಸಬೇಕು, ಪ್ರಮಾಣ ಮಾಡಬೇಕು. ಅವನ ಹತ್ತಿರ ನಿಂತು ಯಾರೂ ಹೇಳಿಕೊಡಕೂಡದು, ಸನ್ನೆ ಮಾಡಕೂಡದು. ಬೇಡದ ಜನರು ಆ ಕೋಣೆಯಲ್ಲಿಯೇ ಇರಕೂಡದು.

ಈ ಕೊನೆಯ ನಿಯಮದ ಅರ್ಥವು ಈ ಲೇಖಕನಿಗೆ ಸ್ವಂತ ಅನುಭವದಿಂದಲೇ ತಿಳಿಯಿತು. ಕೃಷಿ ಖಾತೆಯವರು ಗೊಬ್ಬರ, ಕೀಟನಾಶಕಗಳ ಮಾದರಿಗಳನ್ನು ತೆಗೆದು ಖಟ್ಲೆ ಹೂಡಬೇಕಾಗುವುದರಿಂದ ಸಾಕ್ಷಿಯ ಕಟ್ಟೆಯು ನಮಗೆ ಹೊಸತಲ್ಲ. ಹಿಂದೆ ಬೇರೆ ಜಿಲ್ಲೆಯಲ್ಲಿ ತೆಗೆದಿದ್ದ ಒಂದು ಗೊಬ್ಬರದ ಮಾದರಿಯ ವಿಷಯವಾಗಿ, ವರ್ಗವಾಗಿ ಬಂದ ಮೇಲೆ, ಇಲ್ಲಿಂದಲೇ ವಿಡಿಯೋ ಮೂಲಕ ಸಾಕ್ಷಿ ಹೇಳಬೇಕಾಯಿತು. ಪರಿಚಿತರೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತೆನು. ಪಕ್ಕದಲ್ಲಿ ಹಿಟ್ಟಿನ ಗಿರಣಿ ಇತ್ತೆಂಬುದು ಅದು ಶುರುವಾದ ಮೇಲೆ ನೆನಪಾಯಿತು. ಮಾದರಿಯನ್ನು ತೆಗೆದ ತಾರೀಖನ್ನು ಕೇಳಿದಾಗ ನಾನು ತಡವರಿಸಲು, ಜೊತೆಯಲ್ಲಿದ್ದ ಗುಮಾಸ್ತನು ಸದುದ್ದೇಶದಿಂದಲೇ ಮೆಲ್ಲಗೆ ಅದನ್ನು ಹೇಳಿದನು. ಎದುರು ವಕೀಲರು ಕೂಡಲೇ ಆಕ್ಷೇಪವನ್ನೆತ್ತಿದರು. ನ್ಯಾಯಾಧೀಶರು ಕೋಣೆಯಲ್ಲಿ ಯಾರಿರುವರೆಂದು ಕೇಳಿ, ಫೋನನ್ನು ಸುತ್ತಲೂ ತಿರುಗಿಸಿ ತೋರಿಸೆಂದರು. ಅಂದಿನ ಸಾಕ್ಷಿಯು ಅಲ್ಲಿಗೆ ನಿಂತಿತು. ಮುಂದಿನ ಮುದ್ದತ್ತಿಗೆ ನಾನು ನ್ಯಾಯಾಲಯದ ಕೋಣೆಯೊಂದಕ್ಕೆ ಹೋಗಿ ಕುಳಿತು ಇಪ್ಪತ್ತು ನಿಮಿಷಗಳಲ್ಲಿ ಕೆಲಸವನ್ನು ಮುಗಿಸಿದೆನು. ಮನೆಯಲ್ಲಿ ಶಾಂತವಾದ ಕೋಣೆಯೂ ಒಳ್ಳೆಯ ಸಿಗ್ನಲೂ ಇಲ್ಲದವರು ನ್ಯಾಯಾಲಯದ ಆವರಣಗಳಲ್ಲಿ ಸ್ಥಾಪಿತವಾಗಿರುವ ಇ-ಸೇವಾ ಕೇಂದ್ರಗಳಲ್ಲಿ ವಿಚಾರಿಸುವುದು ಉತ್ತಮ. ಖಟ್ಲೆಯ ಸ್ಥಿತಿಯನ್ನು ತಿಳಿಯುವುದು, ನಕಲು ಪಡೆಯುವುದು, ವಿಡಿಯೋ ಹಾಜರಿಗೆ ನೆರವಾಗುವುದು ಮೊದಲಾದ ಕೆಲಸಗಳಿಗಾಗಿಯೇ ಈ ಕೇಂದ್ರಗಳನ್ನು ಏರ್ಪಡಿಸಲಾಗಿದೆ.

ತೆರೆಯ ಮೇಲಿನ ನ್ಯಾಯಾಲಯವೂ ನ್ಯಾಯಾಲಯವೇ. ಅಲ್ಲಿ ಕಾಪಾಡತಕ್ಕ ಮರ್ಯಾದೆಯು ಕಿಂಚಿತ್ತೂ ಕಡಿಮೆಯಲ್ಲ. 2025ರ ಜೂನ್ ತಿಂಗಳಲ್ಲಿ ಗುಜರಾತ್ ಹೈಕೋರ್ಟಿನ ವಿಚಾರಣೆಯೊಂದಕ್ಕೆ ಒಬ್ಬ ಮನುಷ್ಯನು ಶೌಚಗೃಹದಲ್ಲಿ ಕುಳಿತೇ ಹಾಜರಾದನು. ಅವನ ಮೇಲೆ ನ್ಯಾಯಾಂಗ ನಿಂದನೆಯ ಪ್ರಕರಣವೇ ನಡೆಯಿತು. ಇದಕ್ಕೆ ಭಿನ್ನವಾಗಿ, 2021ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ವಕೀಲರೊಬ್ಬರು ಕಂಪ್ಯೂಟರಿನಲ್ಲಿ ಯಾವುದೋ ಆಟದ ವ್ಯವಸ್ಥೆ ಉಳಿದುಬಿಟ್ಟಿದ್ದರಿಂದ ನ್ಯಾಯಾಧೀಶರ ಮುಂದೆ ಬೆಕ್ಕಿನ ಮರಿಯ ರೂಪದಲ್ಲಿ ಕಾಣಿಸಿಕೊಂಡು, ತಾನು ಬೆಕ್ಕಲ್ಲವೆಂದು ಹೇಳಿಕೊಳ್ಳಬೇಕಾಗಿ ಬಂತು. ಅದು ನಗೆಯಲ್ಲಿ ಮುಗಿಯಿತು. ಆದರೆ ಮಕ್ಕಳು ಆಡಿದ ಫೋನನ್ನು ಹಾಗೆಯೇ ಎತ್ತಿಕೊಂಡು ವಿಚಾರಣೆಗೆ ಕೂರುವ ನಮ್ಮವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಹಿಂದಿನ ದಿವಸವೇ ಒಂದು ಸಲ ಪರೀಕ್ಷಿಸಿರಿ. ತೆರೆಯ ಮೇಲೆ ನಿಮ್ಮ ನಿಜವಾದ ಹೆಸರು ಬರುವಂತೆ ಮಾಡಿಸಿರಿ. ನಿಮ್ಮ ಸರದಿ ಬರುವ ತನಕ ಧ್ವನಿಯನ್ನು ಬಂದುಮಾಡಿರಿ. ಕಲಾಪವನ್ನು ಫೋನಿನಲ್ಲಿ ಮುದ್ರಿಸಿಕೊಂಡು ಊರಿನ ವಾಟ್ಸಾಪ್ ಗುಂಪಿಗೆ ಕಳುಹಿಸುವುದಂತೂ ಕೂಡದು. ಅನುಮತಿಯಿಲ್ಲದ ಮುದ್ರಣಕ್ಕೆ ಸ್ಪಷ್ಟವಾದ ನಿಷೇಧವಿದೆ. 2023ರ ಡಿಸೆಂಬರಿನಲ್ಲಿ ಕಿಡಿಗೇಡಿಗಳು ಕರ್ನಾಟಕ ಹೈಕೋರ್ಟಿನ ವಿಡಿಯೋ ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯಗಳನ್ನು ತೋರಿಸಿದ್ದರಿಂದ ಆ ಸೌಕರ್ಯವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಆದಕಾರಣ ನಿಮಗೆ ಕೊಟ್ಟ ಲಿಂಕನ್ನು ಇನ್ನೊಬ್ಬರಿಗೆ ಕೊಡಬೇಡಿರಿ.

ಭೀಮಗಡದ ಅರಣ್ಯದ ಒಳಗಿನ ಊರುಗಳವರು ಇದನ್ನೆಲ್ಲ ಓದಿ ನಕ್ಕಾರು. ಫೋನಿನಲ್ಲಿ ಎರಡು ಮಾತಾಡುವುದಕ್ಕೇ ಗುಡ್ಡವನ್ನು ಹತ್ತಬೇಕಾದಲ್ಲಿ ವಿಡಿಯೋ ಎಲ್ಲಿಂದ ಬರಬೇಕು? ಅವರ ಮಾತು ನ್ಯಾಯವಾದುದೇ. ಇ-ಕೋರ್ಟು ಯೋಜನೆಯ ಮೂರನೆಯ ಹಂತಕ್ಕೆಂದು ಕೇಂದ್ರ ಸರಕಾರವು 2023ರಲ್ಲಿ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದೆ. ಆದರೆ ನ್ಯಾಯಾಲಯದಲ್ಲಿ ಎಷ್ಟು ದೊಡ್ಡ ತೆರೆಯನ್ನು ಇಟ್ಟರೂ ಊರಿನಲ್ಲಿ ಟವರು ಇಲ್ಲದಿದ್ದರೆ ಅದರಿಂದ ಊರಿನವನಿಗೆ ಪ್ರಯೋಜನವಾಗದು. ಅಂಥವರಿಗೆ ಹಳೆಯ ದಾರಿಯೊಂದು ಈಗಲೂ ತೆರೆದಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೆಯ ಆದೇಶದಂತೆ, ಮುಪ್ಪಿನಿಂದಲೋ ರೋಗದಿಂದಲೋ ಬರಲಾರದವರ ಸಾಕ್ಷಿಯನ್ನು ಅವರಿರುವಲ್ಲಿಗೇ ಹೋಗಿ ಬರೆದುಕೊಳ್ಳಲು ನ್ಯಾಯಾಲಯವು ಕಮಿಷನರರನ್ನು ನೇಮಿಸಬಹುದು.

ಸಿಗ್ನಲು ನಡುವೆಯೇ ಕಡಿದುಹೋದರೆ ಏನು ಮಾಡಬೇಕು? ಕೂಡಲೇ ವಕೀಲರಿಗೆ ತಿಳಿಸಿ, ಅವರ ಮೂಲಕ ನ್ಯಾಯಾಧೀಶರ ಗಮನಕ್ಕೆ ತರಬೇಕು. ಇದಕ್ಕಾಗಿಯೇ ವಕೀಲರು ಅಥವಾ ಅವರ ಕಿರಿಯರು ಕೋರ್ಟಿನಲ್ಲಿ ಪ್ರತ್ಯಕ್ಷವಾಗಿ ಇರುವಂತೆ ಮಾಡಿಕೊಳ್ಳುವುದು ಜಾಣತನವು. "ಲೈನು ಹೋಯಿತು" ಎಂದು ಸುಮ್ಮನೆ ಕುಳಿತರೆ ಅನರ್ಥವಾದೀತು. ವಾದಿಯು ಗೈರುಹಾಜರಾದರೆ ದಾವೆಯು ವಜಾ ಆಗಬಹುದು. ಪ್ರತಿವಾದಿಯು ಗೈರುಹಾಜರಾದರೆ ಏಕಪಕ್ಷೀಯವಾಗಿ ಡಿಕ್ರಿ ಆಗಬಹುದು. ಅದನ್ನು ರದ್ದುಪಡಿಸಿಕೊಳ್ಳುವ ಅರ್ಜಿಗೆ ಕಾಯಿದೆಯು ಕೊಟ್ಟಿರುವ ಅವಧಿಯು ಸಾಮಾನ್ಯವಾಗಿ 30 ದಿವಸಗಳು ಮಾತ್ರ. ತಲೆಮಾರುಗಳಿಂದ ಉತ್ತು ಬಂದ ಹೊಲವು ಒಂದು ತಪ್ಪಿದ ತಾರೀಖಿನಿಂದ ಕೈಬಿಟ್ಟುಹೋದ ಉದಾಹರಣೆಗಳು ಊರಿನ ಹಿರಿಯರಿಗೆ ನನಗಿಂತ ಹೆಚ್ಚಾಗಿ ಗೊತ್ತಿರುತ್ತವೆ.

ಹಾಗಾದರೆ ಈ ಸೌಕರ್ಯವು ಯಾರಿಗೆ ಹೆಚ್ಚು ಪ್ರಯೋಜನಕರ? ನನ್ನ ಅಭಿಪ್ರಾಯದಲ್ಲಿ, ಪಾಲುಪಟ್ಟಿಯ ದಾವೆಗಳಲ್ಲಿ ಸಿಕ್ಕಿಕೊಂಡ ಕುಟುಂಬಗಳಿಗೆ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂದಿರುವುದರಿಂದ, ಒಬ್ಬ ತಂಗಿ ಪುಣೆಯಲ್ಲಿ, ಒಬ್ಬ ಅಕ್ಕ ಗೋವೆಯಲ್ಲಿ, ತಮ್ಮನು ಕೊಲ್ಲಿಯ ದೇಶದಲ್ಲಿ, ಹಿರಿಯಣ್ಣನೊಬ್ಬನೇ ಊರಿನಲ್ಲಿ ಇರುವ ಮನೆತನಗಳ ಖಟ್ಲೆಗಳು ಈಗ ಬಹಳ. ಇವರೆಲ್ಲರೂ ಒಂದೇ ದಿವಸ ಖಾನಾಪುರಕ್ಕೆ ಬಂದು ನಿಲ್ಲುವುದು ಕಷ್ಟಸಾಧ್ಯ. ತೆರೆಯ ಮೇಲೆ ಸೇರುವುದು ಸುಲಭ. ರಾಜಿಯ ಮಾತಿಗೂ ಇದು ಸಹಕಾರಿಯಾದೀತು. 2020ರ ಸಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ವಿಡಿಯೋ ಮೂಲಕವೇ ಲೋಕ ಅದಾಲತ್ತು ನಡೆದು ಬಹುಸಂಖ್ಯೆಯ ಪ್ರಕರಣಗಳು ಇತ್ಯರ್ಥವಾದವು. ಲೋಕ ಅದಾಲತ್ತಿನ ತೀರ್ಪಿನ ಮೇಲೆ ಅಪೀಲಿಲ್ಲವಾದುದರಿಂದ ಒಪ್ಪುವ ಮೊದಲು ಅದರ ಪ್ರತಿಯೊಂದು ಶಬ್ದವನ್ನೂ ಓದಿಸಿ ಕೇಳಬೇಕು. ಕ್ರಿಮಿನಲ್ ಪ್ರಕರಣಗಳಲ್ಲಿಯೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ವಿಚಾರಣೆಗಳನ್ನು ವಿದ್ಯುನ್ಮಾನ ರೀತಿಯಲ್ಲಿ ನಡೆಸಲು ಅವಕಾಶವನ್ನಿತ್ತಿದೆ. ತಹಸೀಲದಾರರು, ಪ್ರಾಂತಾಧಿಕಾರಿಗಳ ಮುಂದಿನ ಉತಾರದ ತಕರಾರುಗಳ ಮಾತು ಮಾತ್ರ ಬೇರೆ. ಅಲ್ಲಿ ಯಾವ ಕ್ರಮವಿದೆಯೆಂಬುದನ್ನು ಆಯಾ ಕಚೇರಿಯಲ್ಲಿಯೇ ಕೇಳಿ ತಿಳಿಯಬೇಕು.

ಇನ್ನು ಮೋಸದ ವಿಷಯ. 2025ರ ಮಾರ್ಚಿ ತಿಂಗಳಲ್ಲಿ ನಮ್ಮ ಖಾನಾಪುರ ತಾಲೂಕಿನ ಒಂದು ಗ್ರಾಮದಲ್ಲಿ ವಯೋವೃದ್ಧ ದಂಪತಿಗಳು, ಅಧಿಕಾರಿಗಳ ಸೋಗು ಹಾಕಿದ ಮೋಸಗಾರರ ಬೆದರಿಕೆಗೆ ಸಿಲುಕಿ 50 ಲಕ್ಷಕ್ಕೂ ಮೀರಿದ ಹಣವನ್ನು ಕಳೆದುಕೊಂಡು, ಕಡೆಗೆ ತಮ್ಮ ಪ್ರಾಣವನ್ನೇ ಕಳೆದುಕೊಂಡರು. ನೆರೆಹೊರೆಯವರಿಗೆ ಈ ಸಂಗತಿಯು ತಿಳಿದದ್ದು ಎಲ್ಲವೂ ಮುಗಿದ ಮೇಲೆ. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದ್ದು ಈ ಘಟನೆಯೇ. ವಿದ್ಯಾವಂತರಲ್ಲದವರು ಮಾತ್ರ ಮೋಸಹೋಗುವರೆಂದು ತಿಳಿಯಬಾರದು. 2024ರಲ್ಲಿ ಪಂಜಾಬಿನ ಪ್ರಸಿದ್ಧ ಉದ್ಯಮಿಯೊಬ್ಬರನ್ನು ವಿಡಿಯೋದಲ್ಲಿ ಸುಪ್ರೀಂ ಕೋರ್ಟಿನದೇ ಎಂಬಂತೆ ನಕಲಿ ವಿಚಾರಣೆಗೆ ಗುರಿಪಡಿಸಿ 7 ಕೋಟಿ ರೂಪಾಯಿಗಳನ್ನು ಸುಲಿಯಲಾಯಿತು. ಇಂಥ ಪ್ರಕರಣಗಳು ಬಹಳವಾದ್ದರಿಂದ 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಈ ವಿಷಯವನ್ನು ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡಿತು.

ಅವರ ರೀತಿಯು ಹೆಚ್ಚುಕಡಿಮೆ ಒಂದೇ. ಫೋನು ಬರುತ್ತದೆ. ನಿಮ್ಮ ಆಧಾರ ಕಾರ್ಡಿನ ಮೇಲೆ ಯಾರೋ ಸಿಮ್ಮು ಕೊಂಡು ಅಪರಾಧ ಮಾಡಿದ್ದಾರೆಂದೋ, ನಿಮ್ಮ ಹೆಸರಿನ ಪಾರ್ಸಲಿನಲ್ಲಿ ನಿಷಿದ್ಧ ವಸ್ತು ಸಿಕ್ಕಿದೆಯೆಂದೋ ಹೇಳುತ್ತಾರೆ. ಬಳಿಕ ಪೋಲೀಸು ವೇಷದವನೊಬ್ಬನು ವಿಡಿಯೋದಲ್ಲಿ ಬರುತ್ತಾನೆ. ಮುದ್ರೆ ಒತ್ತಿದ ವಾರಂಟನ್ನು ಕಳುಹಿಸುತ್ತಾನೆ. ನೀವು "ಡಿಜಿಟಲ್ ಅರೆಸ್ಟ್" ಆಗಿದ್ದೀರಿ, ಕ್ಯಾಮರಾದ ಮುಂದಿನಿಂದ ಏಳಕೂಡದು, ಹೆಂಡತಿ ಮಕ್ಕಳಿಗೂ ಹೇಳಕೂಡದು ಎನ್ನುತ್ತಾನೆ. ಕಡೆಗೆ, ನಿಮ್ಮ ಹಣವು ಶುದ್ಧವಾದುದೋ ಎಂದು ಪರೀಕ್ಷಿಸಲು ಅದನ್ನು ಇಂಥ ಖಾತೆಗೆ ಹಾಕಿರಿ, ತಿರುಗಿ ಬರುತ್ತದೆ ಎನ್ನುತ್ತಾನೆ.

ಇದಕ್ಕೂ ನಿಜವಾದ ವಿಡಿಯೋ ನ್ಯಾಯಾಲಯಕ್ಕೂ ಇರುವ ವ್ಯತ್ಯಾಸವನ್ನು, ಮೇಲೆ ಹೇಳಿದ ಕ್ರಮವನ್ನು ಅರಿತವರು ಸುಲಭವಾಗಿ ಕಾಣಬಲ್ಲರು. ನಿಜವಾದ ನ್ಯಾಯಾಲಯದ ಹಾಜರಿಗೆ ಒಂದು ಖಟ್ಲೆಯ ನಂಬರು, ಒಂದು ಗೊತ್ತಾದ ತಾರೀಖು, ಒಬ್ಬ ವಕೀಲರು, ಎದುರು ಪಕ್ಷದವರು, ನ್ಯಾಯಾಧೀಶರ ಒಂದು ಆಜ್ಞೆ ಇರುತ್ತವೆ. ಅದು ಹಠಾತ್ತನೆ ಅಪರಿಚಿತ ನಂಬರಿನಿಂದ ಬರುವುದಿಲ್ಲ. ವಿಡಿಯೋ ಮೂಲಕ ಬಂಧಿಸುವ ಕ್ರಮವು ಭಾರತದ ಯಾವ ಕಾಯಿದೆಯಲ್ಲಿಯೂ ಇಲ್ಲ. ಯಾವ ನ್ಯಾಯಾಧೀಶರೂ ತೆರೆಯ ಮೇಲಿನಿಂದ ಖಾತೆಗೆ ಹಣ ಹಾಕೆಂದು ಹೇಳುವುದಿಲ್ಲ. ವಕೀಲರಿಗೆ ಹೇಳಬೇಡವೆಂದಂತೂ ಎಂದಿಗೂ ಹೇಳುವುದಿಲ್ಲ. ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ, ಹಾಜರಾಗಬೇಕೆಂಬ ಪೋಲೀಸರ ನೋಟೀಸನ್ನು ವಾಟ್ಸಾಪಿನಂಥ ಸಾಧನಗಳಿಂದ ಕಳುಹಿಸಿದರೆ ಅದು ಸರಿಯಾದ ಜಾರಿಯಲ್ಲವೆಂದು ಸ್ಪಷ್ಟಪಡಿಸಿದೆ. ಆದರೆ ನ್ಯಾಯಾಲಯದ ಸಮನ್ಸು ವಿದ್ಯುನ್ಮಾನ ರೀತಿಯಲ್ಲಿ ಬರಲು ಹೊಸ ಕಾಯಿದೆಯಲ್ಲಿ ಅವಕಾಶವಿರುವುದರಿಂದ, ಫೋನಿಗೆ ಬಂದ ಕಾಗದವೆಲ್ಲ ಸುಳ್ಳೆಂದು ಅಳಿಸಿಬಿಡುವುದೂ ತಪ್ಪು. ಪ್ರತಿಯೊಂದು ಖಟ್ಲೆಗೂ 16 ಅಂಕ-ಅಕ್ಷರಗಳ ಸಿ.ಎನ್.ಆರ್. ನಂಬರೊಂದು ಇರುತ್ತದೆ. ಅದನ್ನು ಇ-ಕೋರ್ಟು ಆ್ಯಪಿನಲ್ಲಿ ಹಾಕಿದರೆ ಖಟ್ಲೆಯು ನಿಜವಾದುದೋ, ಮುಂದಿನ ತಾರೀಖು ಯಾವುದು ಎಂಬುದು ಕಾಣುತ್ತದೆ. ಆ್ಯಪು ಬಾರದವರು ಕಾಗದವನ್ನು ಹಿಡಿದುಕೊಂಡು ಖಾನಾಪುರದ ಕೋರ್ಟಿಗೇ ಹೋಗಿ ಕೇಳಬಹುದು. ವಕೀಲರಿಲ್ಲದವರು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬೇಕು. ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಕಡಿಮೆ ಆದಾಯದವರಿಗೂ ಉಚಿತ ನೆರವು ಪಡೆಯುವ ಹಕ್ಕುಂಟು. ಅದರ ಫೋನು ನಂಬರು 15100.

ಹಣವು ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡುವುದರಿಂದ ಹೊತ್ತು ಮಾತ್ರ ಕಳೆಯುತ್ತದೆ. 1930 ನಂಬರಿಗೆ ಆ ಕ್ಷಣವೇ ಫೋನು ಮಾಡಿದರೆ, ಹಣವು ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲೇ ಬ್ಯಾಂಕುಗಳಲ್ಲಿ ತಡೆಹಿಡಿಯಿಸಲು ಸಾಧ್ಯವಾಗಬಹುದು. ಮರುದಿವಸ ಮಾಡಿದರೆ ಆ ಸಾಧ್ಯತೆಯು ಬಹಳ ಕುಗ್ಗುತ್ತದೆ. ಬಳಿಕ ಬ್ಯಾಂಕಿಗೂ ಹತ್ತಿರದ ಪೋಲೀಸು ಠಾಣೆಗೂ ತಿಳಿಸಬೇಕು. ಊರಿನಲ್ಲಿ ಒಂಟಿಯಾಗಿರುವ ಮುದುಕರ ಮನೆಗಳು ಯಾವುವೆಂಬುದು ಊರಿನ ಗೌಡರಿಗೂ ಪಂಚಾಯತಿಯವರಿಗೂ ತಿಳಿದೇ ಇರುತ್ತದೆ. ಮಕ್ಕಳು ಪರಸ್ಥಳದಲ್ಲಿರುವ ಅಂಥ ಮನೆಗಳಿಗೆ ಹೋಗಿ, ಎದುರು ಕುಳಿತು ಒಂದು ಸಲ ಈ ಮಾತುಗಳನ್ನು ಹೇಳಿ ಬರಬೇಕೆಂದು ನನ್ನ ವಿನಂತಿ. 15100 ಮತ್ತು 1930 ಎಂಬ ಎರಡು ನಂಬರುಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದ ಹಾಳೆಯನ್ನು ನಮ್ಮ ಕಚೇರಿಯ ಬಾಗಿಲಲ್ಲಿ, ಬೀಜದ ದರಪಟ್ಟಿಯ ಪಕ್ಕದಲ್ಲಿ ಅಂಟಿಸಿದ್ದೇವೆ. ಬೀಜ ಒಯ್ಯಲು ಬರುವವರು ಕೇಳಿದರೆ ತಮ್ಮ ಊರಿನ ಪಂಚಾಯತಿಗೆಂದು ಒಂದೊಂದು ಪ್ರತಿಯನ್ನು ಕೊಡಲಾಗುವುದು.